ಡೋಡೋ ಹೋದ ದಾರಿ

ಪೇಜರ್ ಹೋಯಿತು, ಫ್ಲಾಪಿ ಹೋಯಿತು, 2013ರ ಜುಲೈಯಲ್ಲಿ ನಮ್ಮ ತಂತಿ ಸೇವೆಯೂ ನಿಂತಿತು. ಹೀಗೆ ಕಾಲ ಮುಗಿದ ವಸ್ತುಗಳನ್ನು ನಾವು ‘ಮೂಲೆಗುಂಪಾದವು’ ಅನ್ನುವ ಕಡೆ ಇಂಗ್ಲಿಷಿನವರು ‘ಡೋಡೋ ದಾರಿ ಹಿಡಿದವು’ ಅನ್ನುತ್ತಾರೆ. ಆದರೆ ಆ ಹಕ್ಕಿ ನಿಜವಾಗಿ ಹೋದ ದಾರಿ ನೋಡಿದರೆ, ಈ ಮಾತು ಅದಕ್ಕೆ ಮಾಡಿದ ಅನ್ಯಾಯ ಕಣ್ಣಿಗೆ ಹೊಡೆಯುತ್ತದೆ.

ಡೋಡೋ ಪಾರಿವಾಳದ ಕುಲದ್ದು. ಮಾರಿಷಸ್ ದ್ವೀಪ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಬೇಟೆಯಾಡುವ ಪ್ರಾಣಿಗಳ ಕಾಟವಿಲ್ಲದ ಆ ನೆಲದಲ್ಲಿ ಹಾರುವ ಗೊಡವೆಯನ್ನೇ ಬಿಟ್ಟಿತ್ತು. ನೆಲದ ಮೇಲೆ ಗೂಡು, ಅದರಲ್ಲೊಂದೇ ಮೊಟ್ಟೆ. 1598ರಲ್ಲಿ ಡಚ್ಚರ ಹಡಗುಗಳು ಬಂದವು. ಹಸಿದ ನಾವಿಕರು ಕೊಂದು ತಿಂದದ್ದುಂಟು. ಅದಕ್ಕಿಂತ ಹೆಚ್ಚು ಕೇಡು ಮಾಡಿದ್ದು ಹಡಗುಗಳಿಂದ ಇಳಿದ ಇಲಿ, ಹಂದಿ, ಕೋತಿಗಳು. ಸಾಮಾನ್ಯವಾಗಿ ಒಪ್ಪಿರುವ ಕೊನೆಯ ನೋಟ 1662ರದು. ಎಪ್ಪತ್ತು ವರ್ಷವೂ ಆಗಲಿಲ್ಲ! ಆ ದ್ವೀಪಕ್ಕೆ ಹೇಳಿ ಮಾಡಿಸಿದಂತಿದ್ದ ಹಕ್ಕಿಯನ್ನು ‘ಕಾಲಕ್ಕೆ ಹೊಂದಲಿಲ್ಲ’ ಅನ್ನಲು ನಮಗೆ ಯಾವ ಬಾಯಿ?

ನಮ್ಮ ದೇಶಕ್ಕೂ ಅದು ಬಂದಿತ್ತು. ಸೂರತ್ತಿನಲ್ಲಿ ಎರಡು ಡೋಡೋ ಕಂಡದ್ದನ್ನು ಇಂಗ್ಲಿಷ್ ಪ್ರವಾಸಿ ಪೀಟರ್ ಮಂಡಿ ಬರೆದಿಟ್ಟಿದ್ದಾನೆ. ಜಹಾಂಗೀರನ ಕಲಾವಿದ ಉಸ್ತಾದ್ ಮನ್ಸೂರನದೆಂದು ಹೇಳುವ ಚಿತ್ರವೊಂದಿದೆ: ನಡುವೆ ಕಂದು ಬಣ್ಣದ ಡೋಡೋ, ಸುತ್ತ ಬೇರೆ ಹಕ್ಕಿಗಳು. ಅವುಗಳಲ್ಲಿ ಚಳಿಗಾಲಕ್ಕೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬಂದಿಳಿಯುವ ಪಟ್ಟೆತಲೆ ಹೆಬ್ಬಾತೂ ಇದೆ. ಯುರೋಪಿನವರು ಬರೆದ ಗುಡಾಣ ಹೊಟ್ಟೆಯ ಪೆದ್ದು ಹಕ್ಕಿ ಇದಲ್ಲ. ಮೈಕಟ್ಟಿನ, ಚುರುಕು ಹಕ್ಕಿ. ತಜ್ಞರೂ ಇದನ್ನೇ ಹೆಚ್ಚು ನಂಬುತ್ತಾರೆ.

ಆಮೇಲೆ ಅದನ್ನು ಎಷ್ಟು ಮರೆತರೆಂದರೆ, ಅಂಥ ಹಕ್ಕಿ ಇದ್ದದ್ದೇ ಸುಳ್ಳೆಂದು ಕೆಲವರು ವಾದಿಸಿದರು. 1848ರಲ್ಲಿ ಸ್ಟ್ರಿಕ್‌ಲೆಂಡ್ ಮತ್ತು ಮೆಲ್ವಿಲ್ ಬರೆದ ಪುಸ್ತಕ ಆ ಅನುಮಾನ ನೀಗಿಸಿತು. 1865ರಲ್ಲಿ ಮಾರಿಷಸ್‌ನ ಜೌಗು ನೆಲದಿಂದ ಶಾಲಾಮೇಷ್ಟ್ರು ಜಾರ್ಜ್ ಕ್ಲಾರ್ಕ್ ರಾಶಿ ಎಲುಬು ತೆಗೆಸಿದರು. ಅದೇ ವರ್ಷ ಲೂಯಿಸ್ ಕೆರೊಲ್‌ನ ಆಲಿಸ್ ಕಥೆಯಲ್ಲಿ ಡೋಡೋ ಕಾಣಿಸಿಕೊಂಡು ಮನೆಮಾತಾಯಿತು. ನುಡಿಗಟ್ಟು ಬೇರೂರಲು ಇನ್ನೇನು ಬೇಕು?

ಕೆರೊಲ್ ಇದ್ದ ಆಕ್ಸ್‌ಫರ್ಡಿನ ಮ್ಯೂಸಿಯಂನಲ್ಲಿ ಒಂದು ಡೋಡೋ ತಲೆಯಿದೆ. ಆ ಹಕ್ಕಿಯ ಚರ್ಮ ಜಗತ್ತಿನಲ್ಲಿ ಉಳಿದಿರುವುದು ಅದೊಂದರಲ್ಲೇ. 2018ರಲ್ಲಿ ಸ್ಕ್ಯಾನ್ ಮಾಡಿದಾಗ ತಲೆಯ ಹಿಂಭಾಗದಲ್ಲಿ ಸೀಸದ ಚರೆಗಳು ಕಂಡವು. ಹಿಂದಿನಿಂದ ಯಾರೋ ಗುಂಡು ಹೊಡೆದಿದ್ದರು.

ಪೇಜರಿಗೆ, ತಂತಿಗೆ ‘ಮೂಲೆಗುಂಪು’ ಸಾಕು. ಡೋಡೋ ಹೆಸರು ಎತ್ತುವುದಾದರೆ ಬಳ್ಳಾರಿ ಸೀಮೆಯ ಸಿರುಗುಪ್ಪದ ಕಡೆ ಬೆರಳೆಣಿಕೆಗೆ ಇಳಿದಿರುವ ಎರ್ಲಡ್ಡು ಹಕ್ಕಿಯ ವಿಚಾರಕ್ಕೆ ಎತ್ತಬೇಕು. ಅದೂ ಬರಿನೆಲದ ಮೇಲೆ ಒಂದೇ ಮೊಟ್ಟೆ ಇಡುತ್ತದೆ.