ನವಿರು ಕೂದಲಿನ ಹೇರ್‌ಸ್ಪ್ರೇ: ಅರಗಿನಿಂದ ಅದೃಶ್ಯ ಪೊರೆಯವರೆಗೆ

ದಟ್ಟವಾದ, ಬಿರುಸಾದ ಕೂದಲುಳ್ಳವರು ತುರುಬು ಕಟ್ಟಿ ಎರಡು ಪಿನ್ನು ಸಿಕ್ಕಿಸಿದರೆ ಸಂಜೆಯವರೆಗೆ ಅದರ ಗೊಡವೆಗೆ ಹೋಗಬೇಕಾಗಿಲ್ಲ. ನವಿರು ಕೂದಲುಳ್ಳವರ ಪಾಡು ಬೇರೆ. ಬೈತಲೆ ತೆಗೆದು ನಯವಾಗಿ ಬಾಚಿಕೊಂಡ ಗಳಿಗೆಯಲ್ಲಿಯೇ ನೆತ್ತಿಯ ಮೇಲೆ ಹತ್ತಾರು ಎಳೆಗಳು ಎದ್ದು ನಿಲ್ಲುತ್ತವೆ. ಅವನ್ನು ಅಡಗಿಸಲೆಂದು ಹೇರ್‌ಸ್ಪ್ರೇಯನ್ನು ಸಿಂಪಡಿಸಿದರೆ, ಕೂದಲು ನಿಂತಿತೆಂಬ ಸಮಾಧಾನ ಮೂಡುವ ಮೊದಲೇ ಹೊಟ್ಟನ್ನು ಹೋಲುವ ಬಿಳಿಯ ಪುಡಿಯೋ, ಬೆರಳಿಗೆ ಹತ್ತುವ ಜಿಗುಟೋ ತಲೆದೋರಿ, ಹಿಂದಿನ ಅವಸ್ಥೆಯೇ ಲೇಸೆನ್ನಿಸುತ್ತದೆ. ಹಿಡಿಯಬೇಕು, ಆದರೆ ಹಿಡಿದ ಗುರುತು ಕಾಣಬಾರದು. ಕೆಲಸ ಮುಗಿದೊಡನೆ ನೀರಿನೊಡನೆ ಹೊರಟುಹೋಗಬೇಕು ಎಂಬ ಈ ಬೇಡಿಕೆ ಸಣ್ಣದೆಂದು ತೋರಿದರೂ, ಅದನ್ನು ಈಡೇರಿಸುವುದಕ್ಕೆ ರಸಾಯನ ವಿಜ್ಞಾನಿಗಳಿಗೆ ಕೆಲವು ದಶಕಗಳೇ ಹಿಡಿದುವು.

ಸಮಸ್ಯೆಯ ಮೂಲವಿರುವುದು ಕೂದಲಿನ ದಪ್ಪದಲ್ಲಿ. ಯಾವುದೇ ಎಳೆಯು ಬಾಗದೆ ನಿಲ್ಲುವ ಬಿಗುವು ಅದರ ವ್ಯಾಸದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆಯಾದುದರಿಂದ, ವ್ಯಾಸವು ಅರ್ಧಕ್ಕೆ ಇಳಿದಲ್ಲಿ ಬಿಗುವು 16ರಲ್ಲಿ ಒಂದು ಪಾಲಿಗೆ ಕುಸಿಯುತ್ತದೆ. ಒಣಹವೆಯಲ್ಲಿ ಬಾಚಣಿಗೆಯು ಕೂದಲನ್ನು ಉಜ್ಜಿದಾಗ ಹುಟ್ಟುವ ಸ್ಥಿರ ವಿದ್ಯುತ್ತು ಎಲ್ಲ ಎಳೆಗಳಿಗೂ ಒಂದೇ ಬಗೆಯ ಆವೇಶವನ್ನು ಕೊಡುವುದರಿಂದ ಅವು ಒಂದನ್ನೊಂದು ದೂಡುತ್ತವೆ. ಬಿರುಸು ಕೂದಲು ತನ್ನ ಭಾರದಿಂದಲೇ ಈ ನೂಕನ್ನು ತಡೆದುಕೊಂಡೀತು, ಹಗುರವಾದ ನವಿರು ಕೂದಲು ಹಾರಿ ನಿಲ್ಲುತ್ತದೆ. ಹಗುರವಾದುದಕ್ಕೆ ಭಾರವಾದ ಲೇಪವನ್ನು ಹಚ್ಚಿದರೆ ಅದು ತಲೆಗೆ ಅಂಟಿಕೊಂಡು ಚಪ್ಪಟೆಯಾಗುತ್ತದೆ. ದಪ್ಪ ಕೂದಲಿನಲ್ಲಿ ಮರೆಯಾಗಿ ಹೋಗುವ ಶೇಷವು ಇಲ್ಲಿ ಎದ್ದು ಕಾಣುವುದಕ್ಕೆ ಇದೇ ಕಾರಣ.

ಹೇರ್‌ಸ್ಪ್ರೇಯ ಕಥೆಯು ಅಮೆರಿಕೆಯದಾದರೂ ಅದರ ಮೊದಲ ಸಾಮಗ್ರಿಗಳಲ್ಲಿ ಒಂದು ನಮ್ಮ ದೇಶದ್ದು. ಮುತ್ತುಗ, ಬೋರೆ ಮೊದಲಾದ ಮರಗಳ ಎಳೆಗೊಂಬೆಗಳ ಮೇಲೆ ಗುಂಪುಗೂಡುವ ಒಂದು ಸಣ್ಣ ಕೀಟವು ತನ್ನ ಮೈಸುತ್ತ ಸ್ರವಿಸಿಕೊಳ್ಳುವ ರಾಳವೇ ಅರಗು. ಛೋಟಾನಾಗಪುರದ ಕಾಡುಸೀಮೆಯು ಅದರ ದೊಡ್ಡ ನೆಲೆ. 1924ರಲ್ಲಿ ರಾಂಚಿಯ ಬಳಿಯ ನಾಮಕುಮ್‌ನಲ್ಲಿ ಅರಗಿನ ಸಂಶೋಧನೆಗೆಂದೇ ಒಂದು ಸಂಸ್ಥೆ ಸ್ಥಾಪಿತವಾಯಿತೆಂದ ಮೇಲೆ ಆ ಪದಾರ್ಥಕ್ಕಿದ್ದ ಬೆಲೆಯನ್ನು ಊಹಿಸಬಹುದು. ಇದರ ಗುಣವನ್ನು ಕನ್ನಡಿಗರು ಕಣ್ಣಾರೆ ಕಾಣಬೇಕಾದರೆ ಚನ್ನಪಟ್ಟಣಕ್ಕೆ ಹೋಗಬೇಕು. ಅಲ್ಲಿನ ಕುಶಲಕರ್ಮಿಯು ಚರಕಿಯಲ್ಲಿ ತಿರುಗುತ್ತಿರುವ ಆಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾನೆ. ಉಜ್ಜಾಟದ ಕಾವಿಗೆ ಅರಗು ಕರಗಿ ಮರವನ್ನು ಆವರಿಸುತ್ತದೆ. ಮೇಲೆ ತಾಳೆಗರಿಯನ್ನು ಒತ್ತಿದೊಡನೆ ಹೊಳಪು ಹೊಮ್ಮುತ್ತದೆ. ಆ ಲೇಪವು ಗಟ್ಟಿ, ಮಿರುಗುವಂಥದು, ನೀರಿಗೆ ಜಗ್ಗದಂಥದು. ಅರಗನ್ನು ಶೋಧಿಸಿ, ಮೇಣ ತೆಗೆದು, ಮದ್ಯಸಾರದಲ್ಲಿ ಕರಗಿಸಿದರೆ ದೊರೆಯುವ ದ್ರಾವಣವೇ ಆರಂಭಕಾಲದ ಅನೇಕ ಹೇರ್‌ಸ್ಪ್ರೇಗಳ ಜೀವಾಳವಾಗಿತ್ತು.

ಆದರೆ ದ್ರಾವಣವಿದ್ದರೆ ಸಾಲದು, ಅದನ್ನು ಮಂಜಿನಂತೆ ಚೆಲ್ಲುವ ಉಪಾಯವೂ ಬೇಕು. ನಾರ್ವೆಯ ಎಂಜಿನಿಯರ್ ಎರಿಕ್ ರೋಥೈಮ್ ಎಂಬಾತನು, ಒತ್ತಡಕ್ಕೊಳಗಾದ ಅನಿಲದಿಂದ ದ್ರವವನ್ನು ಹೊರಚಿಮ್ಮಿಸುವ ಡಬ್ಬಿಗೆ 1926ರಲ್ಲಿಯೇ ಪೇಟೆಂಟಿಗೆ ಅರ್ಜಿ ಸಲ್ಲಿಸಿದ್ದನು. ಅದು ಲೋಕಪ್ರಸಿದ್ಧವಾದುದು ಮಾತ್ರ ಸೊಳ್ಳೆಗಳ ದೆಸೆಯಿಂದ. ಎರಡನೆಯ ಮಹಾಯುದ್ಧದಲ್ಲಿ ಉಷ್ಣವಲಯದಲ್ಲಿ ಹೋರಾಡುತ್ತಿದ್ದ ಅಮೆರಿಕದ ಸೈನಿಕರನ್ನು ಮಲೇರಿಯಾದಿಂದ ಕಾಪಾಡಲೆಂದು, ಆ ದೇಶದ ಕೃಷಿ ಇಲಾಖೆಯ ಲೈಲ್ ಗುಡ್‌ಹ್ಯೂ ಮತ್ತು ವಿಲಿಯಂ ಸಲ್ಲಿವನ್ ಎಂಬ ವಿಜ್ಞಾನಿಗಳು ಕೀಟನಾಶಕವನ್ನು ಚಿಮ್ಮುವ ಡಬ್ಬಿಯನ್ನು ರೂಪಿಸಿದರು. ಯುದ್ಧವು ಮುಗಿದ ಮೇಲೆ, 1949ರ ಸುಮಾರಿಗೆ, ರಾಬರ್ಟ್ ಆಬ್‌ಪ್ಲಾನಾಲ್ಪ್ ಎಂಬಾತನು ಅಗ್ಗವಾದ, ಸೋರದ ಕವಾಟವೊಂದನ್ನು ನಿರ್ಮಿಸಿದನಾಗಿ, ಸೈನಿಕನ ಕೈಯಲ್ಲಿದ್ದ ಡಬ್ಬಿಯು ಗೃಹಿಣಿಯ ಕನ್ನಡಿಯ ಮುಂದೆ ಬಂದು ನಿಲ್ಲುವುದು ಸಾಧ್ಯವಾಯಿತು.

ಷಿಕಾಗೋದ ಹೆಲೆನ್ ಕರ್ಟಿಸ್ ಸಂಸ್ಥೆಯು 1950ರಲ್ಲಿ ‘ಸ್ಪ್ರೇ ನೆಟ್’ ಎಂಬ ಹೆಸರಿನಿಂದ ತನ್ನ ಸಿಂಪರಣೆಯನ್ನು ಮಾರುಕಟ್ಟೆಗೆ ತಂದಿತು. ಅದೇ ನಗರದ ಕೇಶಶಿಲ್ಪಿ ಮಾರ್ಗರೆಟ್ ವಿನ್ಸಿ ಹೆಲ್ಟ್ ಅವರು 1960ರಲ್ಲಿ ‘ಬೀಹೈವ್’ ಎಂಬ ಎತ್ತರದ ಕೇಶವಿನ್ಯಾಸವನ್ನು ರಚಿಸಿದರು. ಕೂದಲನ್ನು ಜೇನುಗೂಡಿನಂತೆ ಪೇರಿಸಿ ದಿನಗಟ್ಟಲೆ ಅಲುಗಾಡದಂತೆ ನಿಲ್ಲಿಸುವ ಆ ಕಾಲಕ್ಕೆ ಗಡುಸು ಲೇಪವೇ ಬೇಕಾಗಿತ್ತು. ಆದರೆ ನೀರಿನಲ್ಲಿ ಕರಗದ ಅರಗು ಕೂದಲಿನ ಮೇಲೆ ಪದರಪದರವಾಗಿ ಕೂಡುತ್ತ ಹೋಗುತ್ತಿತ್ತು. ಬಾಚಣಿಗೆ ತಾಗಿದಲ್ಲಿ ಬಿರುಕು ಬಿಟ್ಟು ಚಕ್ಕೆಯಾಗಿ ಉದುರುತ್ತಿತ್ತು. ಚನ್ನಪಟ್ಟಣದ ಮರದ ಬೊಂಬೆಗೆ ಭೂಷಣವಾದ ಗುಣವು ತಲೆಗೂದಲಿಗೆ ದೋಷವಾಯಿತು.

ಈ ದೋಷವನ್ನು ನೀಗುವ ಮೊದಲ ಹೆಜ್ಜೆಯು ಆಸ್ಪತ್ರೆಯ ದಾರಿಯಿಂದ ಬಂದಿತು. ಜರ್ಮನಿಯ ರಸಾಯನಜ್ಞ ವಾಲ್ಟರ್ ರೆಪ್ಪೆಯು ಪಾಲಿವಿನೈಲ್‌ಪೈರೊಲಿಡೋನ್ ಎಂಬ ಪಾಲಿಮರಿಗೆ 1939ರಲ್ಲಿ ಪೇಟೆಂಟ್ ಪಡೆದಿದ್ದನು. ಯುದ್ಧಕಾಲದಲ್ಲಿ ಅದನ್ನು ಗಾಯಾಳುಗಳಿಗೆ ರಕ್ತದ ಪ್ಲಾಸ್ಮಾದ ಬದಲಿಗೆ ಕೊಡುತ್ತಿದ್ದರು. ಪಿವಿಪಿ ಎಂಬ ಹ್ರಸ್ವನಾಮದಿಂದ ಇಂದಿಗೂ ಡಬ್ಬಿಗಳ ಮೇಲೆ ಕಾಣಿಸಿಕೊಳ್ಳುವ ಈ ಪದಾರ್ಥವು ಮದ್ಯಸಾರದಲ್ಲಿಯೂ ನೀರಿನಲ್ಲಿಯೂ ಕರಗಬಲ್ಲುದಾದುದರಿಂದ ತಲೆಸ್ನಾನದೊಡನೆ ಸಲೀಸಾಗಿ ಹೋಗುತ್ತಿತ್ತು. ಆದರೆ ನೀರಿನ ಮೇಲಿನ ಅದೇ ಒಲವು ಗಾಳಿಯ ತೇವವನ್ನೂ ಹೀರಿಕೊಂಡು, ಮಳೆಗಾಲದ ಹವೆಯಲ್ಲಿ ಪೊರೆಯನ್ನು ಅಂಟಂಟಾಗಿಸುತ್ತಿತ್ತು. ಅದರೊಡನೆ ವಿನೈಲ್ ಅಸಿಟೇಟನ್ನು ಹೆಣೆದು ಈ ಚಪಲವನ್ನು ಕೊಂಚ ತಗ್ಗಿಸಲಾಯಿತು.

ನಿಜವಾದ ಪರಿಹಾರವು ದೊರೆತುದು, ಸರಪಳಿಯಲ್ಲಿ ಆಮ್ಲದ ಗುಂಪುಗಳುಳ್ಳ ಹೊಸ ಪಾಲಿಮರುಗಳು ಬಂದ ಮೇಲೆ. ಸ್ವತಃ ನೀರಿಗೆ ಅಷ್ಟಾಗಿ ಒಲಿಯದ ಇವುಗಳ ಆಮ್ಲಗುಂಪುಗಳಲ್ಲಿ ಕೆಲವನ್ನು ಕ್ಷಾರಗುಣದ ವಸ್ತುವೊಂದರಿಂದ ಮೊದಲೇ ತಟಸ್ಥಗೊಳಿಸಿದರೆ ಅವು ನೀರಿನಲ್ಲಿ ಕರಗುವಂಥವಾಗುತ್ತವೆ. ಎಷ್ಟು ಪಾಲನ್ನು ತಟಸ್ಥಗೊಳಿಸಬೇಕೆಂಬುದೇ ತಯಾರಕನ ಜಾಣ್ಮೆ: ಕಡಿಮೆಯಾದರೆ ಪೊರೆಯು ತೇವಕ್ಕೆ ಬಗ್ಗದು, ತೊಳೆದರೂ ಬಿಡದು, ಹೆಚ್ಚಾದರೆ ಸುಲಭವಾಗಿ ತೊಳೆದುಹೋಗುವುದು, ಆದರೆ ಸೆಕೆಗೆ ಬೇಗ ಸೋಲುವುದು. ಹಿಡಿತ ಮತ್ತು ಬಿಡುಗಡೆಗಳನ್ನು ಹೀಗೆ ತೂಗಿ ನೋಡುವ ಅವಕಾಶವು ಅರಗಿನಲ್ಲಿ ಇರಲಿಲ್ಲ.

ಪೊರೆಯ ಪ್ರಶ್ನೆ ಬಗೆಹರಿಯುವಷ್ಟರಲ್ಲಿ ಅನಿಲದ ಪ್ರಶ್ನೆ ಎದ್ದಿತು. ಡಬ್ಬಿಯೊಳಗಿನ ಕ್ಲೋರೋಫ್ಲೋರೋಕಾರ್ಬನ್ನುಗಳು ಓಜೋನ್ ಕವಚವನ್ನು ಸವೆಸುತ್ತವೆಂದು ಮಾರಿಯೋ ಮೊಲಿನಾ ಮತ್ತು ಶೆರ್‌ವುಡ್ ರೋಲೆಂಡ್ 1974ರಲ್ಲಿ ಎಚ್ಚರಿಸಿದರು. 1978ರಲ್ಲಿ ಅಮೆರಿಕೆಯು ಇಂತಹ ಡಬ್ಬಿಗಳಲ್ಲಿ ಅವುಗಳ ಬಳಕೆಯನ್ನು ನಿಷೇಧಿಸಿತು. 1987ರಲ್ಲಿ ಓಜೋನ್ ಕವಚವನ್ನು ಕಾಪಾಡುವ ಮಾಂಟ್ರಿಯಲ್ ಒಪ್ಪಂದಕ್ಕೆ ರಾಷ್ಟ್ರಗಳು ಸಹಿ ಹಾಕಿದುವು. ಕ್ಲೋರೋಫ್ಲೋರೋಕಾರ್ಬನ್ನುಗಳ ಸ್ಥಾನಕ್ಕೆ ಬಂದ ಬ್ಯೂಟೇನ್, ಪ್ರೊಪೇನ್, ಡೈಮೀಥೈಲ್ ಈಥರ್‌ಗಳು ಓಜೋನಿಗೆ ಕೇಡು ಮಾಡವು, ಆದರೆ ಬೆಂಕಿಗೆ ಹತ್ತುತ್ತವೆ. ಮುಂದೆ ಕ್ಯಾಲಿಫೋರ್ನಿಯಾ ರಾಜ್ಯವು ಗಾಳಿಯನ್ನು ಕೆಡಿಸುವ ಆವಿಗಳಿಗೆ ಮಿತಿ ಹಾಕಲಾಗಿ, ಕೆಲವು ತಯಾರಕರು ಮದ್ಯಸಾರವನ್ನು ಕಡಿಮೆಮಾಡಿ ನೀರನ್ನು ಸೇರಿಸಿದರು. ಪರಿಸರಕ್ಕೆ ಒಳಿತಾದ ಈ ಮಾರ್ಪಾಡು ನವಿರು ಕೂದಲಿಗೆ ತುಸು ತೊಡಕಾಯಿತು. ನೀರು ನಿಧಾನವಾಗಿ ಒಣಗುತ್ತದೆ, ಹನಿಯನ್ನು ದಪ್ಪವಾಗಿಸುತ್ತದೆ, ಬಾಚಿ ಕೂರಿಸಿದ ಆಕಾರವನ್ನು ತಾನೇ ಸಡಿಲಿಸುತ್ತದೆ.

ಈ ಇತಿಹಾಸವನ್ನು ತಿಳಿದವರಿಗೆ ಆಯ್ಕೆಯು ಕಷ್ಟವಲ್ಲ. ಶೇಷವನ್ನೇ ಉಳಿಸದ ಹೇರ್‌ಸ್ಪ್ರೇ ಎಂಬುದು, ಮಾತನ್ನು ಬಿಗಿಯಾಗಿ ಹಿಡಿದರೆ, ಇಲ್ಲ. ಕೂದಲನ್ನು ಹಿಡಿಯುವುದೇ ಅದು ಉಳಿಸುವ ಪೊರೆ. ದುಂಡುಮಲ್ಲಿಗೆಯ ದಂಡೆಯಲ್ಲಿ ಗಂಟುಗಳು ಹೂವನ್ನು ಹಿಡಿದು ನಡುವಿನ ನೂಲನ್ನು ಬಳುಕಲು ಬಿಡುವಂತೆ, ಉತ್ತಮ ಸಿಂಪರಣೆಯ ಸೂಕ್ಷ್ಮ ಹನಿಗಳು ಎಳೆಗಳು ಒಂದನ್ನೊಂದು ದಾಟುವ ಎಡೆಗಳಲ್ಲಿ ಮಾತ್ರ ಬೆಸುಗೆ ಹಾಕಿ ಉಳಿದುದನ್ನು ಸ್ವತಂತ್ರವಾಗಿ ಬಿಡುತ್ತವೆ. ಆದುದರಿಂದ ಅತಿ ಗಟ್ಟಿ ಹಿಡಿತವೆಂದು ಸಾರುವ ಡಬ್ಬಿಗಿಂತ ಹಗುರ ಅಥವಾ ಬಳುಕುವ ಹಿಡಿತದ್ದು ಮೇಲು. ಪದಾರ್ಥಗಳ ಪಟ್ಟಿಯಲ್ಲಿ ನೀರಿಗಿಂತ ಮೊದಲು ಮದ್ಯಸಾರವಿದ್ದರೆ ಅದು ಬೇಗ ಒಣಗುವುದು. ಮಂಗಳೂರು, ಕಾರವಾರಗಳಂತಹ ತೇವದ ಊರುಗಳಲ್ಲಿ ಪಿವಿಪಿಯೊಂದನ್ನೇ ನೆಚ್ಚಿದ ಸ್ಪ್ರೇಗಿಂತ, ಆಮ್ಲಗುಂಪುಗಳುಳ್ಳ ಪಾಲಿಮರುಗಳ ಬಗೆಯದಾದ ಅಕ್ರಿಲೇಟ್ಸ್ ಕೋಪಾಲಿಮರ್ ಇರುವುದು ಲೇಸು. ಚಳಿಗಾಲದ ಒಣಹವೆಯ ವಿಜಯಪುರ, ಕಲಬುರಗಿಗಳಲ್ಲಿ ಮೃದುವಾದ ಪೊರೆಯೇ ಸಾಕು.

ಕೊಂಡ ಮೇಲೆ ಒಂದು ಪರೀಕ್ಷೆಯನ್ನು ಮನೆಯಲ್ಲಿಯೇ ಮಾಡಬಹುದು. ಶುಭ್ರವಾದ ಕನ್ನಡಿಯ ಮೇಲೆ ಒಂದಡಿ ದೂರದಿಂದ ಒಮ್ಮೆ ಸಿಂಪಡಿಸಿ, ಒಣಗಲು ಬಿಟ್ಟು ನೋಡಿರಿ. ಹನಿಗಳು ಕಣ್ಣಿಗೆ ಬೀಳದಷ್ಟು ಸಣ್ಣವಾಗಿ ಹರಡಿದ್ದರೆ ಕವಾಟವು ಒಳ್ಳೆಯದು. ಉಗುರಿನಿಂದ ಗೀರಿದಾಗ ಬಿಳಿಯ ಪುಡಿ ಎದ್ದರೆ ಪೊರೆಯು ಪೆಡಸು. ಒದ್ದೆ ಬಟ್ಟೆಯಿಂದ ಒರೆಸಿದೊಡನೆ ಜಿಗುಟಿಲ್ಲದೆ ಗಾಜು ಶುಭ್ರವಾದರೆ ಅದು ನಿಮ್ಮ ಕೂದಲನ್ನೂ ಹಾಗೆಯೇ ಬಿಟ್ಟುಹೋಗುವುದೆಂದು ನೆಚ್ಚಬಹುದು.

ಬಳಸುವ ಕ್ರಮವೂ ಆಯ್ಕೆಯಷ್ಟೇ ಮುಖ್ಯ. ಎಣ್ಣೆ ಹಚ್ಚಿದ ಕೂದಲಿಗೆ ಪೊರೆಯು ಸರಿಯಾಗಿ ಕೂಡುವುದಿಲ್ಲ. ತೊಳೆದು ಪೂರ್ಣವಾಗಿ ಒಣಗಿದ ಕೂದಲಿಗೆ, 25ರಿಂದ 30 ಸೆಂಟಿಮೀಟರ್ ದೂರದಿಂದ, ತಡೆತಡೆದು ಸಿಂಪಡಿಸಬೇಕು. ನೆತ್ತಿಯ ಹಾರುಗೂದಲಿಗೆ ನೇರವಾಗಿ ಸಿಂಪಡಿಸುವ ಬದಲು ಅಂಗೈಗೆ ಚೂರೇ ಚಿಮ್ಮಿಸಿಕೊಂಡು ಮೃದುವಾಗಿ ಸವರಿದರೆ ಸಾಕು. ಒಣಗುವ ಮುನ್ನ ಬಾಚಿದರೆ ಬೆಸುಗೆಯು ಮುರಿದು ಪುಡಿಯಾಗುವುದು. ನಿನ್ನೆಯ ಪೊರೆಯ ಮೇಲೆ ಇಂದಿನದನ್ನು ಹೇರುವುದೂ ಸಲ್ಲದು. ಕಿಟಕಿ ತೆರೆದಿಟ್ಟು, ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಸಿಂಪಡಿಸಿರಿ.

ಮದುವೆಯ ಮನೆಗಳಲ್ಲಿ ಮದುಮಗಳನ್ನು ಸಿಂಗರಿಸುವವರಲ್ಲಿ ಒಂದು ವಿಶೇಷ ವಿನಂತಿ: ಸಿಂಪರಣೆಯ ಅನಿಲವೂ ಮದ್ಯಸಾರವೂ ಬೆಂಕಿಗೆ ಬೇಗ ಹತ್ತುವಂಥವಾದುದರಿಂದ, ಆರತಿಯ ತಟ್ಟೆಯ ಬಳಿಯಾಗಲಿ ಹೋಮಕುಂಡದ ಸಮೀಪದಲ್ಲಾಗಲಿ ಡಬ್ಬಿಯನ್ನು ಒತ್ತಬೇಡಿರಿ, ಸಿಂಗಾರವೆಲ್ಲ ಮುಗಿದು, ಕೂದಲು ಸಂಪೂರ್ಣವಾಗಿ ಒಣಗಿದ ಮೇಲೆಯೇ ಅವಳನ್ನು ಮಂಟಪಕ್ಕೆ ಕರೆತನ್ನಿರಿ.