ಹುಳುಮನೆಯ ದುಡಿಮೆ ಮತ್ತು ಬೆಂಗಳೂರಿನಲ್ಲಿ ಹುಟ್ಟಿದ ಜಗದಗಲ ಬಳಗ

1984ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಹಲವು ದೇಶಗಳ ಮಹಿಳೆಯರು ಒಂದೆಡೆ ಕೂತರು. ಅರ್ಥಶಾಸ್ತ್ರ ಓದಿದವರು, ಸಮಾಜಶಾಸ್ತ್ರ ಕಲಿಸುವವರು, ಸಂಘಟನೆ ಕಟ್ಟಿದವರು ಅಲ್ಲಿದ್ದರು. ಮರುವರ್ಷ ಜುಲೈನಲ್ಲಿ ಕೀನ್ಯಾದ ನೈರೋಬಿಯಲ್ಲಿ ವಿಶ್ವಸಂಸ್ಥೆಯ ಮೂರನೇ ವಿಶ್ವ ಮಹಿಳಾ ಸಮ್ಮೇಳನ ನಡೆಯಲಿತ್ತು. ಅಲ್ಲಿ ಬಡ ದೇಶಗಳ ಹೆಣ್ಣುಮಕ್ಕಳ ಪರವಾಗಿ ಏನು ಹೇಳಬೇಕು, ಯಾರ ಬಾಯಲ್ಲಿ ಹೇಳಿಸಬೇಕು ಎಂಬುದು ಅವರ ಮುಂದಿದ್ದ ಪ್ರಶ್ನೆ. ನಮ್ಮ ಮಾತನ್ನು ನಾವೇ ಆಡೋಣ ಎಂದು ತೀರ್ಮಾನಿಸಿ ಎದ್ದರು. ಹಾಗೆ ಹುಟ್ಟಿದ್ದು ‘ಡಾನ್’ ಎಂಬ ಬಳಗ. ಹೊಸ ಯುಗಕ್ಕಾಗಿ ಮಹಿಳೆಯರೊಡಗೂಡಿ ಅಭಿವೃದ್ಧಿಯ ಪರ್ಯಾಯಗಳನ್ನು ಹುಡುಕುವುದು ಅದರ ಪೂರ್ಣ ಹೆಸರಿನಲ್ಲೇ ಇರುವ ಉದ್ದೇಶ.

ಸಭೆ ಕರೆದವರು ಅರ್ಥಶಾಸ್ತ್ರಜ್ಞೆ ದೇವಕಿ ಜೈನ್. 1933ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಮೈಸೂರು ಸಂಸ್ಥಾನದಲ್ಲಿ ಮಂತ್ರಿಯಾಗಿದ್ದ ಎಂ.ಎ. ಶ್ರೀನಿವಾಸನ್ ಅವರ ಮಗಳು. ಸ್ಥಾಪಕ ಸದಸ್ಯೆಯರ ಪಟ್ಟಿ ನೋಡಿದರೆ ಭೂಪಟವೇ ಕಣ್ಣಮುಂದೆ ಬರುತ್ತದೆ: ಬ್ರೆಜಿಲ್‌ನ ನ್ಯೂಮಾ ಅಗಿಯಾರ್, ಕೆರಿಬಿಯನ್‌ನ ಪೆಗ್ಗಿ ಆಂಟ್ರೋಬಸ್, ಸೆನೆಗಲ್‌ನ ಮೇರಿ ಆಂಜೆಲಿಕ್ ಸವಾನೆ, ಬಾಂಗ್ಲಾದೇಶದ ಹಮೀದಾ ಹುಸೇನ್, ಫಿಜಿಯ ಕ್ಲೇರ್ ಸ್ಲಾಟರ್, ನಮ್ಮವರೇ ಆದ ಗೀತಾ ಸೇನ್. ಗೀತಾ ಸೇನ್ ಮುಂದೆ ಬೆಂಗಳೂರಿನ ಐಐಎಂನಲ್ಲಿ ಪಾಠ ಮಾಡಿದರು.

ಈ ಬಳಗದ ಪರಿಚಯವನ್ನು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಓದುಗರಿಗೆ ಮಾಡಿಕೊಡಲು ಕಾರಣವಿದೆ. ಆ ಸಭೆ ನಡೆದಾಗ ಈ ನಾಲ್ಕೂ ತಾಲ್ಲೂಕುಗಳು ಬೆಂಗಳೂರು ಜಿಲ್ಲೆಯಲ್ಲೇ ಇದ್ದವು. ರಾಮನಗರ ಜಿಲ್ಲೆಯಾದದ್ದು 2007ರಲ್ಲಿ. 2025ರಲ್ಲಿ ಅದು ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆಯಿತು. ಆದರೆ ನಂಟು ಜಿಲ್ಲೆಯ ಗಡಿಯದ್ದಷ್ಟೇ ಅಲ್ಲ. ಡಾನ್ ಜಗತ್ತಿನ ಮುಂದೆ ಇಟ್ಟ ಎರಡು ಪ್ರಶ್ನೆಗಳು, ಅಂದರೆ ಹೆಣ್ಣಿನ ದುಡಿಮೆಯನ್ನು ಲೆಕ್ಕ ಹಿಡಿಯುವವರು ಯಾರು, ತೀರ್ಮಾನ ಮಾಡುವ ಕುರ್ಚಿಯಲ್ಲಿ ಕೂರುವವರು ಯಾರು ಎಂಬವು, ಈ ನೆಲದಲ್ಲಿ ದಿನವೂ ಎದುರಾಗುವಂಥವು.

ರೇಷ್ಮೆಯನ್ನೇ ತೆಗೆದುಕೊಳ್ಳಿ. ಚಾಕಿ ಹುಳು, ಅಂದರೆ ಎಳೆಯ ರೇಷ್ಮೆಹುಳು, ಮನೆಗೆ ಬಂದ ದಿನದಿಂದ ಹುಳುಮನೆಯ ಬಾಗಿಲು ಹೆಂಗಸರ ಕೈಗೆ ಬರುತ್ತದೆ. ಸೊಪ್ಪು ಕುಯ್ಯಬೇಕು, ಹೊತ್ತು ತರಬೇಕು, ಹೊತ್ತುಹೊತ್ತಿಗೆ ಹಾಕಬೇಕು, ಹಿಕ್ಕೆ ತೆಗೆಯಬೇಕು, ಸುಣ್ಣ ಎರಚಬೇಕು. ಹುಳು ಪೊರೆ ಬಿಡಲು ಜ್ವರಕ್ಕೆ ಕೂತಾಗ ಸೊಪ್ಪು ನಿಲ್ಲಿಸಬೇಕು, ಎದ್ದ ಕೂಡಲೇ ಮತ್ತೆ ಶುರು. ನಾಲ್ಕನೇ ಜ್ವರ ಕಳೆದ ಮೇಲಂತೂ ರಾತ್ರಿ ಹಗಲೆನ್ನದೆ ತಿನ್ನುತ್ತವೆ. ಮನೆಮಂದಿಯ ಊಟ ಹಿಂದೆ, ಹುಳುವಿನ ಸೊಪ್ಪು ಮುಂದೆ. ಹಣ್ಣಾದ ಹುಳುಗಳನ್ನು ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡುವಾಗ ಕಣ್ಣೂ ಕೈಯೂ ಒಟ್ಟಿಗೆ ಓಡಬೇಕು, ತಡವಾದರೆ ನೂಲು ನಷ್ಟ. ಬೆಳೆ ಗೆಲ್ಲುವುದೂ ಸೋಲುವುದೂ ಈ ಇಪ್ಪತ್ತೈದು ಮೂವತ್ತು ದಿನಗಳ ಎಚ್ಚರದಲ್ಲಿ ನಿಂತಿದೆ.

ಅಷ್ಟಾದ ಮೇಲೆ ಗೂಡು ರಾಮನಗರದ ಮಾರುಕಟ್ಟೆಗೆ ಹೋಗುತ್ತದೆ. ಲಾಟ್ ನಂಬರ್ ಬೀಳುತ್ತದೆ, ನೂಲು ತೆಗೆಸುವ ರೀಲರ್‌ಗಳು ಬೆಲೆ ಕಟ್ಟುತ್ತಾರೆ, ಈಗ ಹರಾಜೂ ಆನ್‌ಲೈನ್, ಹಣವೂ ನೇರ ಬ್ಯಾಂಕ್ ಖಾತೆಗೆ. ಚೀಟಿಯ ಮೇಲಿನ ಹೆಸರು ಮಾತ್ರ ಸಾಮಾನ್ಯವಾಗಿ ಮನೆಯ ಗಂಡಸಿನದು, ಖಾತೆಯೂ ಅವನದೇ. ನೂಲು ತೆಗೆಯುವ ಫಿಲೇಚರ್‌ಗಳಲ್ಲಿ ಬಿಸಿನೀರಿನ ತೊಟ್ಟಿಯ ಮುಂದೆ ದಿನವಿಡೀ ನಿಂತು ಎಳೆ ಹಿಡಿಯುವ ಕೈಗಳಲ್ಲೂ ಹೆಣ್ಣುಮಕ್ಕಳ ಕೈಗಳೇ ಹೆಚ್ಚು. ಆ ಬೆರಳುಗಳ ಬೆಂದ ಚರ್ಮವನ್ನು ಹತ್ತಿರದಿಂದ ನೋಡಿದವರಿಗೆ, ಸೀರೆಯ ಬೆಲೆಯಲ್ಲಿ ಆ ಬೆರಳಿನ ಪಾಲು ಎಷ್ಟು ಎಂಬ ಪ್ರಶ್ನೆ ಬಾರದೆ ಇರದು.

ದೇವಕಿ ಜೈನ್ ಈ ಪ್ರಶ್ನೆಯ ಬೆನ್ನು ಹತ್ತಿದ್ದು ಡಾನ್ ಹುಟ್ಟುವ ಮೊದಲೇ. 1970ರ ದಶಕದಲ್ಲಿ ಅವರೂ ಅವರ ಸಂಗಡಿಗರೂ ರಾಜಸ್ಥಾನ ಮತ್ತು ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಬೆಳಗಿನಿಂದ ರಾತ್ರಿಯವರೆಗೆ ಯಾರು ಯಾವ ಕೆಲಸಕ್ಕೆ ಎಷ್ಟು ಹೊತ್ತು ಕೊಡುತ್ತಾರೆ ಎಂದು ಬರೆದುಕೊಂಡರು. ಜನಗಣತಿ ‘ಕೆಲಸವಿಲ್ಲದವರು’ ಎಂದು ಬರೆದುಕೊಂಡು ಹೋಗುತ್ತಿದ್ದ ಹೆಂಗಸರು ವಾಸ್ತವದಲ್ಲಿ ದುಡಿಯುತ್ತಲೇ ಇದ್ದರು ಎಂಬುದು ಅಲ್ಲಿ ಕಾಗದದ ಮೇಲೆ ಬಂತು. 1980ರ ದಶಕದ ಆರಂಭದಲ್ಲಿ ವಿಶ್ವಬ್ಯಾಂಕ್ ನೆರವಿನ ರೇಷ್ಮೆ ಯೋಜನೆ ಕರ್ನಾಟಕಕ್ಕೆ ಬಂದಾಗ, ಅವರು ಕಟ್ಟಿದ್ದ ಐಎಸ್‌ಎಸ್‌ಟಿ ಎಂಬ ಸಂಶೋಧನಾ ಸಂಸ್ಥೆ ಅದರಲ್ಲಿ ಹೆಣ್ಣಿನ ಪಾತ್ರವೇನೆಂದು ಅಧ್ಯಯನ ನಡೆಸಿತು. ಕೋಟಿಗಳ ಯೋಜನೆ ರೂಪಿಸುವವರ ಕಣ್ಣಿಗೆ ಹುಳುಮನೆಯ ಒಳಗಿನ ಕೆಲಸವನ್ನು ತೋರಿಸುವುದು ಆ ಕಾಲಕ್ಕೆ ಸಣ್ಣ ಕೆಲಸವಾಗಿರಲಿಲ್ಲ.

ಇದೇ ತಿಳಿವಳಿಕೆಯನ್ನು ಡಾನ್ ಜಗತ್ತಿನ ಮಟ್ಟಕ್ಕೆ ಒಯ್ದಿತು. ಅಭಿವೃದ್ಧಿಯ ಹೊರಗೆ ಉಳಿದುಹೋದ ಮಹಿಳೆಯರನ್ನು ಒಳಗೆ ಕರೆತಂದರೆ ಸಾಕು ಎಂಬ ಮಾತು ಆಗ ಎಲ್ಲೆಡೆ ಇತ್ತು. ಡಾನ್ ಕೇಳಿದ್ದೇ ಬೇರೆ: ಎಂಥ ಅಭಿವೃದ್ಧಿಯ ಒಳಕ್ಕೆ? ಸಾಲ ತೀರಿಸಲು ಸರ್ಕಾರ ಆಸ್ಪತ್ರೆಯ ಖರ್ಚು ಕಡಿದರೆ ಕಾಯಿಲೆಯವರನ್ನು ಮನೆಯಲ್ಲಿ ನೋಡಿಕೊಳ್ಳುವವಳು ಹೆಣ್ಣು. ರಫ್ತಿನ ಬೆಳೆಗೆ ಹೊಲ ಹೋದರೆ ಅಡುಗೆಮನೆಗೆ ಕಾಳು ಹೊಂದಿಸುವವಳು ಹೆಣ್ಣು. ಕಾಡು ಕರಗಿದರೆ ಸೌದೆಗೆ ಇನ್ನಷ್ಟು ದೂರ ನಡೆಯುವವಳೂ ಅವಳೇ. ಹಾಗಾಗಿ ವಿದೇಶಿ ಸಾಲ, ಯುದ್ಧ, ಆಹಾರ, ನೀರು ಎಲ್ಲವೂ ಮಹಿಳೆಯರ ವಿಷಯಗಳೇ ಎಂದು ಅವರು ವಾದಿಸಿದರು. ನೈರೋಬಿಯಲ್ಲಿ ಮಂಡಿಸಿದ ಈ ವಾದವನ್ನು ಗೀತಾ ಸೇನ್ ಮತ್ತು ಕ್ಯಾರೆನ್ ಗ್ರೋನ್ ಪುಸ್ತಕವಾಗಿ ಬರೆದರು. 1987ರಲ್ಲಿ ಪ್ರಕಟವಾದ ಅದನ್ನು ಇಂದಿಗೂ ವಿಶ್ವವಿದ್ಯಾಲಯಗಳಲ್ಲಿ ಓದುತ್ತಾರೆ. 1994ರ ಕೈರೋ ಜನಸಂಖ್ಯಾ ಸಮ್ಮೇಳನ, 1995ರ ಬೀಜಿಂಗ್ ಮಹಿಳಾ ಸಮ್ಮೇಳನಗಳಲ್ಲೂ ಬಳಗದ ದನಿ ಕೇಳಿಸಿತು. ಅದರ ಕಚೇರಿ ಒಂದೇ ಊರಿಗೆ ಅಂಟಿಕೊಳ್ಳಲಿಲ್ಲ. ಬೆಂಗಳೂರಿನಿಂದ ರಿಯೊ ಡಿ ಜನೈರೊ, ಅಲ್ಲಿಂದ ಬಾರ್ಬಡೋಸ್, ಆಮೇಲೆ ಫಿಜಿ, ಹೀಗೆ ಖಂಡದಿಂದ ಖಂಡಕ್ಕೆ ಹೋಯಿತು. ಹಿರಿತನ ಯಾವುದೇ ಒಂದು ದೇಶದ ಸೊತ್ತಾಗಬಾರದು ಎಂಬ ಈ ನಡೆ ನನಗೆ ಬಹಳ ಹಿಡಿಸಿತು.

ಇನ್ನು ಎರಡನೇ ಪ್ರಶ್ನೆ, ಕುರ್ಚಿಯ ಮಾತು. ಇದರಲ್ಲಿ ಈ ನಾಲ್ಕು ತಾಲ್ಲೂಕುಗಳ ಚರಿತ್ರೆ ದೊಡ್ಡದು, ನಾವು ಅದನ್ನು ನೆನೆಯುವುದು ಕಡಿಮೆ. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಲ್ಲಿ ಮಹಿಳೆಯರಿಗೆ ಶೇ 25 ಸ್ಥಾನ ಕೊಟ್ಟ ಕಾನೂನನ್ನು ಕರ್ನಾಟಕ ಮಾಡಿದ್ದು 1983ರಲ್ಲಿ, ಸಂವಿಧಾನದ 73ನೇ ತಿದ್ದುಪಡಿಗೆ ದಶಕದ ಮೊದಲೇ. ಆಗ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ. ಉಪಚುನಾವಣೆಯಲ್ಲಿ ಅವರನ್ನು ಗೆಲ್ಲಿಸಿ ವಿಧಾನಸಭೆಗೆ ಕಳಿಸಿದ್ದು ಕನಕಪುರದ ಮತದಾರರು. ಕಾನೂನಿನ ಹಿಂದಿನ ಜೀವ ಪಂಚಾಯತ್‌ರಾಜ್ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್. 1987ರ ಚುನಾವಣೆಯಲ್ಲಿ ರಾಜ್ಯದಾದ್ಯಂತ ಸುಮಾರು 14 ಸಾವಿರ ಮಹಿಳೆಯರು ಗೆದ್ದುಬಂದರು. ಈ ಪ್ರಯೋಗವನ್ನು ಹೊರ ಜಗತ್ತಿಗೆ ಬರೆದು ತಿಳಿಸಿದವರಲ್ಲಿ ಮತ್ತೆ ದೇವಕಿ ಜೈನ್ ಮುಂದೆ ನಿಲ್ಲುತ್ತಾರೆ. 1994ರಲ್ಲಿ ರಾಮನಗರದಿಂದ ಗೆದ್ದು ಮುಖ್ಯಮಂತ್ರಿಯಾದ ಎಚ್.ಡಿ. ದೇವೇಗೌಡರು ಪ್ರಧಾನಿಯಾದಾಗ, 1996ರ ಸೆಪ್ಟೆಂಬರ್ 12ರಂದು ಮಹಿಳಾ ಮೀಸಲು ಮಸೂದೆ ಮೊದಲ ಬಾರಿಗೆ ಲೋಕಸಭೆಗೆ ಬಂತು. 2004ರಲ್ಲಿ ಕನಕಪುರ ಲೋಕಸಭಾ ಕ್ಷೇತ್ರದಲ್ಲಿ ಅದೇ ದೇವೇಗೌಡರನ್ನು ಸೋಲಿಸಿದವರು ಪತ್ರಕರ್ತೆಯಾಗಿದ್ದ ತೇಜಸ್ವಿನಿ. ರಾಜ್ಯದ ಪಂಚಾಯತಿಗಳಲ್ಲಿ ಮಹಿಳೆಯರ ಮೀಸಲು 2010ರಲ್ಲಿ ಅರ್ಧಕ್ಕೆ ಏರಿತು.

ಹೆಂಡತಿ ಸದಸ್ಯೆ, ಗಂಡ ಕಾರುಬಾರು ಎಂಬ ದೂರು ಹಳೆಯದು, ಹಲವೆಡೆ ನಿಜವೂ ಹೌದು. ಆದರೆ ಆ ಮಾತನ್ನೇ ಹಿಡಿದು ಮೀಸಲನ್ನು ಹಗುರ ಮಾಡುವವರನ್ನು ನಾನು ಒಪ್ಪಲಾರೆ. ಮೊದಲ ಸಭೆಯಲ್ಲಿ ಹೆಬ್ಬಾಗಿಲ ಬಳಿ ಕೂತವಳು ಮೂರನೇ ಸಭೆಗೆ ಬೋರ್‌ವೆಲ್ ಬಿಲ್ ಕೇಳುತ್ತಾಳೆ. ಸ್ತ್ರೀಶಕ್ತಿ ಗುಂಪಿನಲ್ಲಿ ಉಳಿತಾಯದ ಪುಸ್ತಕ ಬರೆದು ಕಲಿತವಳಿಗೆ ಪಂಚಾಯತಿಯ ಜಮಾಖರ್ಚು ಓದುವುದು ಕಷ್ಟವಲ್ಲ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕ ಚುನಾವಣೆ ಗೆದ್ದು ಕುರ್ಚಿಯಲ್ಲಿ ಕೂತವರಲ್ಲ, ಅಕ್ಷರ ಕಲಿತವರೂ ಅಲ್ಲ. ಗಂಡನ ಜೊತೆ ಬಿಂದಿಗೆಯಲ್ಲಿ ನೀರು ಹೊತ್ತು ಕುದೂರು ರಸ್ತೆಯಲ್ಲಿ ಆಲದ ಸಾಲು ಬೆಳೆಸಿದರು. ಆ ದುಡಿಮೆ ಯಾವ ಸರ್ಕಾರಿ ಲೆಕ್ಕದಲ್ಲೂ ಇರಲಿಲ್ಲ. 2019ರಲ್ಲಿ ರಸ್ತೆ ಅಗಲಿಸಲು ಆ ಮರಗಳಿಗೆ ಕುತ್ತು ಬಂದಾಗ ತಿಮ್ಮಕ್ಕ ಮುಖ್ಯಮಂತ್ರಿಯನ್ನೇ ಕೇಳಿಕೊಂಡರು. ಪೌರತ್ವ ಎಂದರೆ ಅದೇ ಅಲ್ಲವೇ?

ಡಾನ್ ಬಗ್ಗೆ ನನ್ನದೊಂದು ಕೊರಗಿದೆ. ಅದು ವಿದ್ವಾಂಸರ ಬಳಗ, ಅದರ ಬರಹವೆಲ್ಲ ಹೆಚ್ಚಾಗಿ ಇಂಗ್ಲಿಷಿನಲ್ಲಿದೆ. ಹುಟ್ಟಿದ ಊರಿನ ಭಾಷೆಗೆ ಅದರ ವಿಚಾರ ಬರಬೇಕಾದಷ್ಟು ಬಂದಿಲ್ಲ. ಚನ್ನಪಟ್ಟಣದ ಕಾರ್ಖಾನೆಯಲ್ಲಿ ಬೊಂಬೆಗೆ ಅರಗಿನ ಬಣ್ಣ ಹಚ್ಚುವ ಹುಡುಗಿಗೆ, ನಸುಕಿನಲ್ಲೇ ಬುತ್ತಿ ಕಟ್ಟಿಕೊಂಡು ಬೆಂಗಳೂರಿನ ಗಾರ್ಮೆಂಟ್ಸ್ ಬಸ್ ಹತ್ತುವ ತಾಯಿಗೆ ಅದು ಕನ್ನಡದಲ್ಲಿ ಸಿಗಬೇಕು. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ಹೊಸ ನಿಯಮದ ವಿರುದ್ಧ ಬೆಂಗಳೂರಿನ ಬೀದಿಗೆ ಇಳಿದು, ದೆಹಲಿಯ ಸರ್ಕಾರ ಅದನ್ನು ಕೈಬಿಡುವಂತೆ ಮಾಡಿದವರು ಗಾರ್ಮೆಂಟ್ಸ್‌ನ ಇಂಥ ಸಾವಿರಾರು ಹೆಣ್ಣುಮಕ್ಕಳೇ. ಆರ್ಥಿಕ ನೀತಿ ತಮ್ಮ ಮನೆಯ ವಿಷಯ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಈಗ ಎರಡೂ ಪ್ರಶ್ನೆಗಳು ಒಂದೇ ಕಡೆ ಬಂದು ನಿಂತಿವೆ. ಶಾಸನಸಭೆಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಪಾಲು ಕೊಡುವ ಮಸೂದೆಗೆ ಸಂಸತ್ತು 2023ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅದನ್ನು ಜಾರಿಗೆ ತರುವುದನ್ನು ಜನಗಣತಿಗೂ ಕ್ಷೇತ್ರ ಪುನರ್ವಿಂಗಡಣೆಗೂ ಕಟ್ಟಿಹಾಕಿತು. ಆ ಜನಗಣತಿ 2027ರದ್ದು; ಹೆಣ್ಣಿನ ದುಡಿಮೆ ಲೆಕ್ಕಕ್ಕೆ ಬರಬೇಕಾದದ್ದೂ ಅಲ್ಲೇ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಣ್ಣು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾಳೆ, ಗಂಡು 88 ನಿಮಿಷ. ಗಣತಿಯ ಪ್ರಶ್ನೆಗೆ ಮನೆಯ ಹೊಲದಲ್ಲಿ, ಮನೆಯ ಕಸುಬಿನಲ್ಲಿ ಕೂಲಿಯಿಲ್ಲದೆ ದುಡಿಯುವುದೂ ಕೆಲಸವೇ ಎಂಬ ವಿವರಣೆ ಸೇರಿದ್ದು 1991ರಲ್ಲಿ. ಆದ್ದರಿಂದ ಗಣತಿದಾರರು ಬಾಗಿಲಿಗೆ ಬಂದು ‘ಯಜಮಾನರು ಏನು ಮಾಡ್ತಾರಮ್ಮ?’ ಎಂದು ಕೇಳಿದ ಮೇಲೆ, ‘ನೀವು?’ ಎಂದೂ ಕೇಳಬೇಕು. ಅವರು ಕೇಳದಿದ್ದರೆ ಹುಳುಮನೆಯ ಅಮ್ಮ, ಅಕ್ಕಂದಿರು ತಾವೇ ಹೇಳಿ ಬರೆಸಲಿ: ‘ನಾನು ರೇಷ್ಮೆ ಬೆಳೀತೀನಿ.’