ವರದಿಗಳೆಲ್ಲ ಸರಿ, ನೋವು ಮಾತ್ರ ಹೋಗಿಲ್ಲ: ಖಿನ್ನತೆ, ಆತಂಕಗಳನ್ನು ಗುರುತಿಸುವುದು ಹೇಗೆ?

ಎದೆ ಡವಗುಟ್ಟುತ್ತದೆ, ಇಸಿಜಿ ಸರಿಯಾಗಿದೆ. ತಲೆನೋವು ತಿಂಗಳುಗಳಿಂದ ಬಿಟ್ಟಿಲ್ಲ, ಸ್ಕ್ಯಾನಿಂಗ್‌ನಲ್ಲಿ ಏನೂ ಕಂಡಿಲ್ಲ. ಹೊಟ್ಟೆಯುರಿಗೆ ಗ್ಯಾಸ್ಟ್ರಿಕ್ ಮಾತ್ರೆ, ಸುಸ್ತಿಗೆ ಬಿ ಕಾಂಪ್ಲೆಕ್ಸ್ ಇಂಜೆಕ್ಷನ್, ಅದೂ ಸಾಲದಿದ್ದರೆ ಒಂದು ಬಾಟಲಿ ಗ್ಲೂಕೋಸ್. ವೈದ್ಯರು ಬದಲಾಗುತ್ತಾರೆ, ವರದಿಗಳ ಕಡತ ದಪ್ಪವಾಗುತ್ತದೆ, ನೋವು ಹಾಗೆಯೇ ಉಳಿಯುತ್ತದೆ. ಇಂತಹ ಅಲೆದಾಟದ ಹಿಂದೆ ಅನೇಕ ವೇಳೆ ಅಡಗಿರುವುದು ಖಿನ್ನತೆ ಅಥವಾ ಆತಂಕ.

ಮಾನಸಿಕ ತೊಂದರೆಗಳಲ್ಲಿ ಅತಿ ಹೆಚ್ಚಾಗಿ ಕಂಡುಬರುವವು ಇವೇ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿ ಒಂದಲ್ಲ ಒಂದು ಮಾನಸಿಕ ತೊಂದರೆಯಿಂದ ಬಳಲುತ್ತಿದ್ದರು. ಖಿನ್ನತೆ, ಆತಂಕದಂತಹ ಸಾಮಾನ್ಯ ತೊಂದರೆ ಇದ್ದವರಲ್ಲಿ ಸುಮಾರು ಶೇ. 85ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಗುಣಪಡಿಸಬಹುದಾದ ಕಾಯಿಲೆಯನ್ನು ಇಷ್ಟೊಂದು ಜನ ಸುಮ್ಮನೆ ಸಹಿಸಿಕೊಂಡಿರುವುದೇ ಇಲ್ಲಿನ ನಿಜವಾದ ದುರಂತ.

ದೇಹದ ಮೂಲಕ ಮಾತನಾಡುವ ಮನಸ್ಸು

ದುಃಖವನ್ನು ನಾವು ದೇಹದ ಮಾತಿನಲ್ಲೇ ಹೇಳಿಕೊಳ್ಳುವವರು. ಎದೆ ಭಾರವಾಯಿತು, ಕರುಳು ಹಿಂಡಿದಂತಾಯಿತು, ಹೊಟ್ಟೆಯಲ್ಲಿ ತಳಮಳ ಎನ್ನುತ್ತೇವೆ. ಇದು ಬರಿಯ ಮಾತಿನ ಅಲಂಕಾರವಲ್ಲ. ಆತಂಕದ ಸ್ಥಿತಿಯಲ್ಲಿ ಅಡ್ರಿನಲಿನ್‌ನಂತಹ ಹಾರ್ಮೋನುಗಳು ಹೆಚ್ಚಾಗಿ, ಹೃದಯ ಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಜೀರ್ಣಕ್ರಿಯೆ ಏರುಪೇರಾಗುತ್ತದೆ. ಆದ್ದರಿಂದ ನೋವು ಸುಳ್ಳಲ್ಲ, ನಟನೆಯೂ ಅಲ್ಲ. ಅದರ ಮೂಲ ಮಾತ್ರ ಹುಡುಕಿದ ಜಾಗದಲ್ಲಿಲ್ಲ.

ಹಾಗೆಂದು ದೈಹಿಕ ತಪಾಸಣೆಯನ್ನು ಕಡೆಗಣಿಸಬಾರದು. ಥೈರಾಯ್ಡ್ ತೊಂದರೆ, ರಕ್ತಹೀನತೆ, ಬಿ12 ಕೊರತೆಗಳೂ ಇಂತಹುದೇ ಸುಸ್ತು, ಬೇಸರಗಳನ್ನು ಉಂಟುಮಾಡಬಲ್ಲವು. ಅವು ಇಲ್ಲವೆಂದು ಖಚಿತವಾದ ಮೇಲೂ ಮತ್ತೆ ಮತ್ತೆ ಹೊಸ ಸ್ಕ್ಯಾನಿಂಗ್‌ಗೆ ಓಡುವುದರಲ್ಲಿ ಅರ್ಥವಿಲ್ಲ.

ಬೇಸರಕ್ಕೂ ಖಿನ್ನತೆಗೂ ವ್ಯತ್ಯಾಸ

ಬೇಸರ ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಖಿನ್ನತೆಯನ್ನು ಗುರುತಿಸಲು ವೈದ್ಯರು ನೋಡುವುದು ಎರಡು ವಾರಗಳ ಅವಧಿಯನ್ನು. ದಿನದ ಬಹುಪಾಲು ಮಂಕು ಕವಿದಿರುವುದು ಅಥವಾ ಹಿಂದೆ ಇಷ್ಟವಾಗಿದ್ದ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಮುಖ್ಯ ಲಕ್ಷಣ. ನಿದ್ರೆ, ಹಸಿವುಗಳ ಏರುಪೇರು, ಕಾರಣವಿಲ್ಲದ ಆಯಾಸ, ಏಕಾಗ್ರತೆ ಇಲ್ಲದಿರುವುದು, ತಾನು ನಿಷ್ಪ್ರಯೋಜಕ ಎಂಬ ಭಾವನೆ, ಸಾವಿನ ಯೋಚನೆಗಳು ಇದರೊಂದಿಗೆ ಸೇರಿಕೊಳ್ಳಬಹುದು. ಇಂತಹ ಹಲವು ಲಕ್ಷಣಗಳು ಎರಡು ವಾರ ಬಿಡದೆ ಕಾಡಿ ದಿನನಿತ್ಯದ ಕೆಲಸಕ್ಕೆ ಅಡ್ಡಿಯಾದರೆ ವೈದ್ಯರನ್ನು ಕಾಣಬೇಕು.

ಆತಂಕದ ಕಾಯಿಲೆಯಲ್ಲಿ ‘ಏನಾಗಿಬಿಡುವುದೋ’ ಎಂಬ ಚಿಂತೆ ಹಿಡಿತಕ್ಕೆ ಸಿಗುವುದಿಲ್ಲ. ಕೆಲವರಲ್ಲಿ ಅದು ಪ್ಯಾನಿಕ್ ಅಟ್ಯಾಕ್ ಆಗಿ ಹಠಾತ್ತನೆ ಎರಗುತ್ತದೆ. ಉಸಿರು ಕಟ್ಟಿದಂತೆ, ಈಗಲೇ ಪ್ರಾಣ ಹೋಗುವಂತೆ ಭಾಸವಾಗುತ್ತದೆ. ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಇದು ತೀವ್ರತೆಯ ತುದಿಗೇರಿ ಇಳಿಯುತ್ತದೆ. ಮೊದಲ ಬಾರಿ ಎದೆನೋವು ಬಂದಾಗ ಹೃದಯದ ತಪಾಸಣೆ ಆಗಲೇಬೇಕು. ಪ್ಯಾನಿಕ್ ಎಂದು ವೈದ್ಯರು ಖಚಿತಪಡಿಸಿದ ಮೇಲೆ, ಮತ್ತೆ ಅದೇ ಅನುಭವವಾದಾಗ ನಿಧಾನವಾಗಿ ಉಸಿರಾಡುತ್ತಾ, ಇದು ಇಳಿದುಹೋಗುತ್ತದೆ ಎಂದು ನೆನಪಿಸಿಕೊಳ್ಳುವುದು ಸಹಾಯಕ.

ಮಾತ್ರೆಗಳ ಕುರಿತ ಭಯ

ಮನೋವೈದ್ಯರು ಕೊಡುವುದೆಲ್ಲ ನಿದ್ರೆ ಮಾತ್ರೆ, ಒಮ್ಮೆ ಹಿಡಿದರೆ ಬಿಡಲಾಗದು ಎಂಬ ನಂಬಿಕೆ ಬಲವಾಗಿದೆ. ಖಿನ್ನತೆ ನಿವಾರಕ ಔಷಧಗಳು ನಿದ್ರೆ ಮಾತ್ರೆಗಳಲ್ಲ, ಚಟ ಹಿಡಿಸುವಂಥವೂ ಅಲ್ಲ. ಅವು ಪರಿಣಾಮ ಬೀರಲು ಎರಡರಿಂದ ನಾಲ್ಕು ವಾರ ಬೇಕು. ನಾಲ್ಕು ದಿನ ನುಂಗಿ ಗುಣವಾಗಲಿಲ್ಲವೆಂದು ಬಿಡುವುದು, ಸ್ವಲ್ಪ ಚೇತರಿಸಿದೊಡನೆ ತಾವಾಗಿಯೇ ನಿಲ್ಲಿಸುವುದು, ಎರಡೂ ತಪ್ಪು. ಗುಣವಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಿ, ವೈದ್ಯರ ಸಲಹೆಯಂತೆ ನಿಧಾನವಾಗಿ ಕಡಿಮೆ ಮಾಡಬೇಕಾಗುತ್ತದೆ. ಅಭ್ಯಾಸವಾಗುವ ಅಪಾಯ ಇರುವುದು ಆಲ್‌ಪ್ರಜೋಲಂನಂತಹ ಮಾತ್ರೆಗಳಿಗೆ. ಹಳೆಯ ಚೀಟಿ ತೋರಿಸಿ ಅವನ್ನು ತಿಂಗಳುಗಟ್ಟಲೆ ಕೊಂಡು ನುಂಗುವುದು ಸಲ್ಲದು.

ತೊಂದರೆ ಸೌಮ್ಯವಾಗಿದ್ದರೆ ಆಪ್ತಸಮಾಲೋಚನೆ ಹಾಗೂ ಯೋಚನೆಯ ಜಾಡನ್ನು ತಿದ್ದುವ ಮನೋಚಿಕಿತ್ಸೆಯೇ ಸಾಕಾಗಬಹುದು. ಮನಸ್ಸು ಬಂದಾಗ ಮಾಡುತ್ತೇನೆ ಎಂದು ಕಾಯದೆ, ಪ್ರತಿದಿನ ಒಂದು ಸಣ್ಣ ಕೆಲಸ, ಅರ್ಧ ತಾಸಿನ ನಡಿಗೆ, ನಿಗದಿತ ಹೊತ್ತಿಗೆ ನಿದ್ರೆ ಇವನ್ನು ಪಾಲಿಸುವುದು ಚೇತರಿಕೆಗೆ ನೆರವಾಗುತ್ತದೆ. ಬೇಸರ ಮರೆಯಲು ಕುಡಿಯುವ ಮದ್ಯ ಖಿನ್ನತೆಯನ್ನು ಇನ್ನಷ್ಟು ಆಳಗೊಳಿಸುತ್ತದೆ.

ಮನೆಯವರ ಪಾತ್ರ

‘ಧೈರ್ಯ ತಂದುಕೋ’, ‘ನಿನಗೇನು ಕಡಿಮೆಯಾಗಿದೆ?’, ‘ಮದುವೆ ಮಾಡಿದರೆ ಸರಿಹೋಗುತ್ತದೆ’ ಎಂಬ ಮಾತುಗಳು ರೋಗಿಯ ಅಪರಾಧಿ ಭಾವನೆಯನ್ನು ಹೆಚ್ಚಿಸುತ್ತವೆ. ಉಪದೇಶ ಬಿಟ್ಟು ಕಿವಿಗೊಡುವುದು, ಆಸ್ಪತ್ರೆಗೆ ಜೊತೆಯಾಗಿ ಹೋಗುವುದು ಹೆಚ್ಚು ಉಪಯುಕ್ತ. ಸಾವಿನ ಮಾತು ಬಂದರೆ ನೇರವಾಗಿ, ಮೃದುವಾಗಿ ವಿಚಾರಿಸಬೇಕು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅಪಾಯವಿದೆ ಎನಿಸಿದರೆ ಒಂಟಿಯಾಗಿ ಬಿಡದೆ ಕೂಡಲೇ ವೈದ್ಯರ ಬಳಿ ಕರೆದೊಯ್ಯಬೇಕು.

ನೆರವು ಎಲ್ಲಿ?

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆ ದೊರೆಯುತ್ತದೆ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮದೇ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗ. ಸಾಮಾನ್ಯ ವೈದ್ಯರೂ ಆರೋಗ್ಯ ಕಾರ್ಯಕರ್ತರೂ ತರಬೇತಿ ಪಡೆದು ಇಂತಹ ರೋಗಿಗಳನ್ನು ನೋಡಿಕೊಳ್ಳಬಲ್ಲರೆಂದು ಅದು ತೋರಿಸಿಕೊಟ್ಟಿತು. ವಿಮಾ ಸೌಲಭ್ಯದಲ್ಲಿ ದೇಹದ ಕಾಯಿಲೆಗೂ ಮನಸ್ಸಿನ ಕಾಯಿಲೆಗೂ ಭೇದ ಮಾಡಬಾರದೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ.

‘ನಿಮ್ಹಾನ್ಸ್‌ಗೆ ಸೇರಿಸಬೇಕು’ ಎಂಬುದು ನಮ್ಮಲ್ಲಿ ಇಂದಿಗೂ ಗೇಲಿಯ ಮಾತು. ಆ ಗೇಲಿಗೆ ಅಂಜಿಯೇ ಅನೇಕರು ಮನೋವೈದ್ಯರ ಬಾಗಿಲು ತಟ್ಟುವುದಿಲ್ಲ. ಮುಂದಿನ ಬಾರಿ ನೋವಿನ ಕಡತ ಹಿಡಿದು ವೈದ್ಯರ ಬಳಿ ಹೋದಾಗ, ನಿದ್ರೆ ಹೇಗಿದೆ, ಮನಸ್ಸು ಹೇಗಿದೆ ಎಂಬುದನ್ನೂ ಅವರು ಕೇಳುವ ಮೊದಲೇ ಹೇಳಿಬಿಡುವುದು ಒಳಿತು. ಸರಿಯಾದ ಚಿಕಿತ್ಸೆ ಬಹುಪಾಲು ಅಲ್ಲಿಂದಲೇ ಆರಂಭವಾಗುತ್ತದೆ.